ಇಂಗ್ಲಿಷ್ ಕಲಿಯೋಣ, ಆದರೆ ತಲೆ ತಗ್ಗಿಸಿ ಅಲ್ಲ!



ಹೊರನಾಡು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಈ ಪತ್ರಿಕೆ ಓದುವ ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿಗೆ ಕಾಸರಗೋಡು ನೆನಪಾಗುತ್ತದೆ, ಸೊಲ್ಲಾಪುರ ನೆನಪಾಗುತ್ತದೆ, ಮುಂಬಯಿಯ ಕನ್ನಡ ಶಾಲೆಗಳು ನೆನಪಾಗುತ್ತವೆ. ಗಡಿಯಾಚೆ ಕನ್ನಡ ಉಳಿಸಿಕೊಳ್ಳಲು ಒದ್ದಾಡುವ ಹೊರನಾಡು ಕನ್ನಡಿಗರು ಕಣ್ಣ ಮುಂದೆ ಬರುತ್ತಾರೆ. ಆದರೆ ಈ ಸಲ ನಾವು ಹೇಳಹೊರಟಿರುವುದು ಇನ್ನೊಂದು ಹೊರನಾಡಿನ ಸಂಗತಿ. ಕಳಸದಿಂದ ಭದ್ರಾ ಹೊಳೆ ದಾಟಿ, ಕಾಫಿ ಅಡಿಕೆ ತೋಟಗಳ ನಡುವೆ ತಿರುವು ಹತ್ತಿ ಹೋದರೆ ಸಿಗುವ ಅನ್ನಪೂರ್ಣೇಶ್ವರಿಯ ಹೊರನಾಡು. ಬಂದವರು ಯಾವ ಊರಿನವರು, ಯಾವ ಭಾಷೆಯವರು ಎಂದು ಕೇಳದೆ ಎಲೆ ಹಾಕಿ ಊಟ ಬಡಿಸುವ ಊರು.

ಹೆಸರು ಹೊರನಾಡಾದರೂ ಇದು ಒಳನಾಡೇ. ಇಲ್ಲಿ ಭಾಷೆಯ ಗಡಿ ತಂಟೆ ಇಲ್ಲ. ಆದರೂ ಈ ಊರಿನ, ಈ ಸುತ್ತಿನ ಕಳಸ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಮಕ್ಕಳು ಒಂದು ದಿನ ತಮ್ಮದೇ ನಾಡಿನಲ್ಲಿ ಹೊರನಾಡಿನವರಾಗಿ ಬಿಡುತ್ತಾರೆ! ಯಾವತ್ತು ಗೊತ್ತೇ? ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಒಳ್ಳೆಯ ಅಂಕ ತೆಗೆದು, ಘಟ್ಟ ಇಳಿದೋ ಚಿಕ್ಕಮಗಳೂರಿಗೆ ಹೋಗಿಯೋ ಪಿಯುಸಿ ವಿಜ್ಞಾನದ ತರಗತಿಯಲ್ಲಿ ಕೂತ ಮೊದಲ ದಿನ. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆ ಎಂದರೆ ಎದ್ದು ನಿಂತು ವಿವರಿಸುತ್ತಿದ್ದ ಹುಡುಗಿ ಇವತ್ತು ಫೋಟೋಸಿಂಥೆಸಿಸ್ ಎಂದಾಗ ತಲೆ ತಗ್ಗಿಸುತ್ತಾಳೆ. ವಿಷಯ ಗೊತ್ತಿಲ್ಲವೇ? ಗೊತ್ತು. ಹೇಳಲು ಬಾಯಿ ಬರುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಆಕೆ ಕೊನೆಯ ಬೆಂಚಿಗೆ ಸರಿಯುತ್ತಾಳೆ. ವರ್ಷ ಕಳೆಯುವುದರೊಳಗೆ ‘ನನಗೆ ಸೈನ್ಸ್ ಆಗುವುದಿಲ್ಲ’ ಎಂದು ಮನೆಗೆ ಹೇಳುತ್ತಾಳೆ. ಆಕೆಗೆ ಆಗದೇ ಹೋದದ್ದು ಸೈನ್ಸ್ ಅಲ್ಲ ಸ್ವಾಮಿ! ಆದರೆ ಇದನ್ನು ಅವಳಿಗೆ ಹೇಳುವವರು ಯಾರು?

ಇದನ್ನು ನೋಡಿದ ಊರಿನ ಬೇರೆ ತಂದೆತಾಯಿಗಳು ಏನು ಮಾಡುತ್ತಾರೆ? ತೋಟದ ರೈಟರು, ಜೀಪು ಓಡಿಸುವವರು, ಅಂಗಡಿ ಇಟ್ಟವರು ಸಾಲ ಸೋಲ ಮಾಡಿ ಕಾನ್ವೆಂಟಿಗೆ ಫೀಸು ಕಟ್ಟುತ್ತಾರೆ. ಬೆಳಗಿನ ಮಂಜು ಕರಗುವ ಮುನ್ನ ಐದು ವರ್ಷದ ಕೂಸು ವ್ಯಾನಿಗಾಗಿ ರಸ್ತೆಯಲ್ಲಿ ನಿಲ್ಲುತ್ತದೆ. ಮನೆ ಪಕ್ಕದ ಸರಕಾರಿ ಶಾಲೆಯಲ್ಲಿ ಮೇಷ್ಟರಿದ್ದಾರೆ, ಬಿಸಿಯೂಟವಿದೆ, ಮಕ್ಕಳಿಲ್ಲ. ಕನ್ನಡ ಶಾಲೆಗೆ ಬೀಗ ಬೀಳಿಸುತ್ತಿರುವುದು ಪರಭಾಷೆಯವರಲ್ಲ. ನಮ್ಮವರ ಎದೆಯೊಳಗಿನ ಈ ಭಯ. ಆದ್ದರಿಂದ ಕನ್ನಡದ ಪತ್ರಿಕೆಯಾದ ನಾವು ಇವತ್ತು ಇಂಗ್ಲಿಷ್ ವ್ಯಾಕರಣದ ಬಗ್ಗೆ ಬರೆಯುತ್ತಿದ್ದೇವೆ. ಆಶ್ಚರ್ಯಪಡಬೇಡಿ, ಕೋಪಿಸಿಕೊಳ್ಳಲೂ ಬೇಡಿ. ಪೂರ್ತಿ ಓದಿ.

ಮೊದಲು ಒಂದು ತಪ್ಪು ಕಲ್ಪನೆ ತೊಲಗಲಿ. ಕನ್ನಡಪರ ಎಂದರೆ ಇಂಗ್ಲಿಷ್ ವಿರೋಧಿ ಎಂದು ಯಾರೋ ಕಥೆ ಕಟ್ಟಿದ್ದಾರೆ. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ನಿಂತು ಕನ್ನಡ ತಲೆಯೆತ್ತುವ ಬಗೆಯನ್ನು ಹೇಳಿದ ಬಿ.ಎಂ. ಶ್ರೀಕಂಠಯ್ಯನವರು ಯಾವ ಪಾಠ ಹೇಳುತ್ತಿದ್ದರು? ಇಂಗ್ಲಿಷ್! ಯಾರ ವರದಿಗಾಗಿ 1982ರಲ್ಲಿ ಡಾ. ರಾಜಕುಮಾರ್ ಬೀದಿಗಿಳಿದರೋ, ನಾಡಿಗೆ ನಾಡೇ ಎದ್ದು ನಿಂತಿತೋ, ಆ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಚಂಪಾ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಹೇಳುತ್ತಿದ್ದದ್ದೂ ಇಂಗ್ಲಿಷ್ ಪಾಠವೇ. ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ‘ನಿನ್ನ ಭಾಷೆಯಲ್ಲಿ ಬರೆ’ ಎಂದು ಅವರನ್ನು ಕನ್ನಡಕ್ಕೆ ತಿರುಗಿಸಿದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಅವರ ಮಗ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದರು. ಇವರೆಲ್ಲ ಇಂಗ್ಲಿಷಿನ ಮನೆಗೆ ಹೋದರು, ಬೇಕಾದ್ದನ್ನು ಹೊತ್ತು ತಂದು ಕನ್ನಡದ ಕಣದಲ್ಲಿ ಸುರಿದರು. ಅಲ್ಲೇ ಜೀತಕ್ಕೆ ನಿಲ್ಲಲಿಲ್ಲ. ನಾವು ಹೇಳುವುದೂ ಇಷ್ಟೇ.

ಇನ್ನು ಸರಕಾರದ ಕಥೆ. 1994ರ ಏಪ್ರಿಲ್ 29ರ ಆದೇಶ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಎಂದಿತು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅಷ್ಟರೊಳಗೆ 2007ರಿಂದಲೇ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿದ್ದರು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೇ ತೆರೆದರು. ಆದೇಶಗಳಿಗೆ ಕೊರತೆಯಿಲ್ಲ. ಆದರೆ ಒಂದನೇ ಕ್ಲಾಸಿನಿಂದ ಹತ್ತರವರೆಗೆ ಇಂಗ್ಲಿಷ್ ಓದಿದ ಹುಡುಗ ಹತ್ತು ವಾಕ್ಯ ನೆಟ್ಟಗೆ ಆಡಲಾರ ಏಕೆ? ಈ ಪ್ರಶ್ನೆಗೆ ಯಾವ ಆದೇಶದಲ್ಲೂ ಉತ್ತರವಿಲ್ಲ.

ಅವನು ಏನೂ ತಿಳಿಯದವನಲ್ಲ, ನೆನಪಿಡಿ. ಬೋರ್ಡು ಓದುತ್ತಾನೆ. ಗೊಬ್ಬರದ ಚೀಲದ ಮೇಲಿನದು ಓದುತ್ತಾನೆ. ಕ್ರಿಕೆಟ್ ಕಾಮೆಂಟರಿ ಅರ್ಥವಾಗುತ್ತದೆ. ವರ್ತಮಾನ, ಭೂತ, ಭವಿಷ್ಯತ್ ಎಂದು ಕ್ರಿಯಾಪದದ ಪಟ್ಟಿ ಬಾಯಿಪಾಠ ಒಪ್ಪಿಸುತ್ತಾನೆ. ಆದರೆ ಎದುರಿಗೆ ಒಬ್ಬರು ನಿಂತು ಕೇಳಿದರೆ ಗಂಟಲು ಕಟ್ಟುತ್ತದೆ. ಹೊಳೆಗೆ ಇಳಿದಾಗಿದೆ, ಆಚೆ ದಡ ಸಿಕ್ಕಿಲ್ಲ, ಈಚೆ ದಡಕ್ಕೆ ಬರುವಂತಿಲ್ಲ. ನಡು ನೀರಿನಲ್ಲಿ ನಿಂತ ಈ ಲಕ್ಷಾಂತರ ಮಂದಿಗೆ ಯಾರೂ ಪುಸ್ತಕ ಬರೆಯುವುದಿಲ್ಲ. ಎ ಬಿ ಸಿ ಡಿ ಕಲಿಸಲು ಜನರಿದ್ದಾರೆ, ಎಂ.ಎ. ಪಾಠಕ್ಕೂ ಜನರಿದ್ದಾರೆ. ನಡುವೆ ಇರುವುದು ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಎಂಬ ಬಸ್ ನಿಲ್ದಾಣದ ಪುಸ್ತಕ, ಇಲ್ಲವೇ ರೆನ್ ಅಂಡ್ ಮಾರ್ಟಿನ್ ಎಂಬ ದಪ್ಪ ಗ್ರಂಥ.

ಈ ಸಾಲು ಬರೆಯುತ್ತಿರುವವನೂ ಆ ನಡು ನೀರಿನಲ್ಲಿ ನಿಂತವನೇ. ವರ್ಷಗಳ ಹಿಂದೆ ಒಂದು ಕೆಲಸದ ಸಂದರ್ಶನದಲ್ಲಿ ‘ಐ ಆಮ್ ಸ್ಟಡೀಡ್ ಇನ್ ಕನ್ನಡ ಮೀಡಿಯಂ’ ಎಂದೆ. ಮೇಜಿನ ಆಚೆ ಇದ್ದ ಮೂವರೂ ನಕ್ಕರು. ಮೂವರೂ ಕನ್ನಡದವರೇ! ಆ ವಾಕ್ಯದಲ್ಲಿ ‘ಆಮ್’ ಎಂಬುದನ್ನು ತೆಗೆದುಹಾಕಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ಆ ನಗು ಮಾತ್ರ ಕಿವಿಯಿಂದ ಹೋಗಲು ಹತ್ತು ವರ್ಷ ಹಿಡಿಯಿತು.

ಆ ಎರಡು ನಿಮಿಷದ ಕೆಲಸವನ್ನು ನಮಗೆ ಕಲಿಸಲಿಲ್ಲವೇಕೆ? ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಎಂಬ ಮೂಢನಂಬಿಕೆಯಿಂದ! ಮನೆಯ ದೀಪ ಆರಿಸಿ ಕತ್ತಲಲ್ಲಿ ಹುಡುಕು ಎಂದ ಹಾಗೆ. ಕನ್ನಡ ಬಲ್ಲವನಿಗೆ ವ್ಯಾಕರಣ ಹೊಸದಲ್ಲ. ಕೇಶಿರಾಜ ಶಬ್ದಮಣಿದರ್ಪಣ ಬರೆದದ್ದು ಸುಮಾರು 1260ರಲ್ಲಿ. ಇಂಗ್ಲಿಷರು ತಮ್ಮ ಭಾಷೆಗೆ ಮೊದಲ ವ್ಯಾಕರಣ ಅಚ್ಚು ಹಾಕಿಸಿದ್ದು 1586ರಲ್ಲಿ, ವಿಲಿಯಂ ಬುಲ್ಲೋಕರ್ ಎಂಬಾತನಿಂದ. ಅದೂ ಲ್ಯಾಟಿನ್ ಅಚ್ಚಿನಲ್ಲಿ ಎರಕ ಹೊಯ್ದದ್ದು. ಮುನ್ನೂರು ವರ್ಷ ಮುಂದಿದ್ದವರು ಇವತ್ತು ವ್ಯಾಕರಣ ಎಂದರೆ ನಡುಗುವುದೇ?

ಬನ್ನಿ, ನಮ್ಮ ಕನ್ನಡದ ದೀಪ ಹಿಡಿದೇ ನೋಡೋಣ. ಪೆನ್ಸಿಲು ತೆಗೆದುಕೊಳ್ಳಿ.

ಒಂದು: ನಮ್ಮಲ್ಲಿ ಪದಗಳನ್ನು ಹೇಗೆ ಇಟ್ಟರೂ ಅರ್ಥ ಕೆಡುವುದಿಲ್ಲ. ‘ನಾಯಿ ಹುಲಿಯನ್ನು ಕಂಡಿತು’ ಎನ್ನಿ, ‘ಹುಲಿಯನ್ನು ನಾಯಿ ಕಂಡಿತು’ ಎನ್ನಿ, ಕಂಡದ್ದು ನಾಯಿಯೇ. ‘ಅನ್ನು’ ಎಂಬ ಪ್ರತ್ಯಯ ಕಾವಲಿಗೆ ನಿಂತಿದೆ. ಇಂಗ್ಲಿಷಿಗೆ ಆ ಕಾವಲುಗಾರನಿಲ್ಲ. ‘ದಿ ಡಾಗ್ ಸಾ ದಿ ಟೈಗರ್’ ಎಂಬುದನ್ನು ತಿರುಗಿಸಿದರೆ ಹುಲಿಯೇ ನಾಯಿಯನ್ನು ನೋಡಿಬಿಡುತ್ತದೆ! ಆದ್ದರಿಂದ ಅಲ್ಲಿ ಸ್ಥಾನವೇ ವಿಭಕ್ತಿ. ಮಾಡುವವನು ಮೊದಲು, ಕ್ರಿಯೆ ನಡುವೆ, ಆಮೇಲೆ ಉಳಿದದ್ದು. ಬಾಯಿ ತೆರೆಯುವ ಮುನ್ನ ಕ್ರಿಯಾಪದವನ್ನು ವಾಕ್ಯದ ಬಾಲದಿಂದ ಎತ್ತಿ ನಡುವಿಗೆ ತನ್ನಿ. ಅರ್ಧ ತಪ್ಪು ಅಲ್ಲಿಗೇ ನಿಲ್ಲುತ್ತದೆ.

ಎರಡು: ನಮ್ಮ ಒಂದು ‘ಗೆ’ ಪ್ರತ್ಯಯ ಹತ್ತಾರು ಕೆಲಸ ಮಾಡುತ್ತದೆ. ಊರಿಗೆ ಹೋಗುತ್ತೇನೆ ಎಂದರೆ ‘ಟು’. ನಾಲ್ಕು ಗಂಟೆಗೆ ಬಸ್ಸು ಎಂದರೆ ‘ಅಟ್’. ನನಗೆ ಇಬ್ಬರು ಮಕ್ಕಳು ಎಂದರೆ ಟು ಇಲ್ಲ, ಅಟ್ ಇಲ್ಲ. ‘ಐ ಹ್ಯಾವ್’ ಎಂದು ವಾಕ್ಯವೇ ತಿರುಗಿ ಬೀಳುತ್ತದೆ. ‘ಅಲ್ಲಿ’ಯೂ ಹಾಗೇ. ಕಳಸದಲ್ಲಿ ಇದ್ದೇನೆ ಎಂದರೆ ‘ಇನ್’, ಬಸ್ಸಿನಲ್ಲಿ ಬಂದೆ ಎಂದರೆ ‘ಬೈ’. ಆದ್ದರಿಂದ ಇನ್, ಆನ್, ಅಟ್ ಎಂದು ಇಂಗ್ಲಿಷಿನ ಪಟ್ಟಿ ಉರುಹೊಡೆಯಬೇಡಿ. ನಿಮ್ಮ ವಿಭಕ್ತಿ ಬರೆದುಕೊಳ್ಳಿ, ಅದರ ಎದುರು ಅದು ಎಷ್ಟು ವೇಷ ಹಾಕುತ್ತದೆ ಎಂದು ಬರೆಯುತ್ತಾ ಹೋಗಿ.

ಮೂರು: ‘ಹತ್ತು ವರ್ಷದಿಂದ ಈ ತೋಟದಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ನಮ್ಮವರು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಹತ್ತು ವರ್ಷದಿಂದ’ಕ್ಕೂ ‘2015ರಿಂದ’ಕ್ಕೂ ಒಂದೇ ‘ಇಂದ’. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡುತ್ತದೆ. ಶುರುವಾದ ಗಳಿಗೆ ಹೇಳಿದರೆ ‘ಸಿನ್ಸ್’, ಕಾಲದ ಉದ್ದ ಹೇಳಿದರೆ ‘ಫಾರ್’. ಜೊತೆಗೆ, ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿದ್ದರೆ ಬರೀ ‘ಆಮ್’ ಸಾಲದು, ‘ಹ್ಯಾವ್ ಬೀನ್’ ಬೇಕು. ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್. ಇನ್ನೊಂದು ಗುಂಡಿ ಇಲ್ಲೇ ಇದೆ. ‘ನಿನ್ನೆಯೇ ದುಡ್ಡು ಕೊಟ್ಟಿದ್ದೇನೆ’ ಎಂಬುದು ಶುದ್ಧ ಕನ್ನಡ. ಇಂಗ್ಲಿಷಿನಲ್ಲಿ ‘ನಿನ್ನೆ’ ಎಂದು ದಿನ ಹೇಳಿದ ಮೇಲೆ ‘ಹ್ಯಾವ್ ಗಿವನ್’ ಬರಕೂಡದು, ‘ಗೇವ್’ ಎನ್ನಬೇಕು. ದಿನ ಹೇಳದಿದ್ದರೆ ‘ಹ್ಯಾವ್ ಗಿವನ್’ ಧಾರಾಳವಾಗಿ ಬರಲಿ.

ನಾಲ್ಕು: ‘ಎ’, ‘ಆನ್’, ‘ದಿ’. ಎಲ್ಲರೂ ಹೆದರುವುದು ಇವಕ್ಕೇ. ನಾಚಬೇಡಿ, ರಷ್ಯನ್ನರ ಭಾಷೆಯಲ್ಲೂ ಇವಿಲ್ಲ, ಜಪಾನಿನವರ ಭಾಷೆಯಲ್ಲೂ ಇಲ್ಲ, ಅವರೂ ಎಡವುತ್ತಾರೆ. ಆದರೆ ಇದರ ಬೀಜ ನಮ್ಮಲ್ಲಿದೆ. ‘ರಾತ್ರಿ ತೋಟಕ್ಕೆ ಒಂದು ಆನೆ ಬಂತು. ಆ ಆನೆ ಬಾಳೆಯನ್ನೆಲ್ಲ ಮುರಿಯಿತು.’ ಮೂಡಿಗೆರೆ ಕಡೆಯವರಿಗೆ ಈ ವಾಕ್ಯ ಹೇಳಿಕೊಡಬೇಕಿಲ್ಲ! ಮೊದಲ ಸಲ ‘ಒಂದು’, ಎರಡನೇ ಸಲ ‘ಆ’. ಇಂಗ್ಲಿಷಿನಲ್ಲಿ ಮೊದಲು ‘ಆನ್ ಎಲಿಫೆಂಟ್’, ಆಮೇಲೆ ‘ದಿ ಎಲಿಫೆಂಟ್’. ಇನ್ನೂ ಸೂಕ್ಷ್ಮ ನೋಡಿ. ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ ಇರಬಹುದು. ‘ಪುಸ್ತಕವನ್ನು ತಂದೆ’ ಎಂದರೆ ನಿಮಗೂ ನನಗೂ ಗೊತ್ತಿರುವ ಆ ಪುಸ್ತಕ ಎಂಬ ಕಡೆಗೆ ಅರ್ಥ ವಾಲುತ್ತದೆ. ಕೇಳುವವನಿಗೆ ಯಾವುದು ಎಂದು ಗೊತ್ತೋ ಇಲ್ಲವೋ, ಈ ಒಂದು ಪ್ರಶ್ನೆ ಹಾಕಿಕೊಳ್ಳಿ. ಎಲ್ಲ ಕಡೆ ಅಲ್ಲದಿದ್ದರೂ ಹೆಚ್ಚಿನ ಕಡೆ ದಾರಿ ಸಿಗುತ್ತದೆ.

ಐದು: ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತೇವೆ, ಬರುತ್ತಾರೆ. ಇಷ್ಟನ್ನೂ ಮೂರು ವರ್ಷದ ಮಗು ತಪ್ಪಿಲ್ಲದೆ ಆಡುತ್ತದೆ. ಇಂಗ್ಲಿಷಿನಲ್ಲಿ ಇರುವುದು ‘ಕಮ್’ ಮತ್ತು ‘ಕಮ್ಸ್’. ಹೀ, ಶೀ, ಇಟ್ ಬಂದಾಗ ಒಂದು ‘ಸ್’ ಅಂಟಿಸಬೇಕು, ಅಷ್ಟೇ. ಇಷ್ಟು ಪ್ರತ್ಯಯ ಆಳಿದವನು ಒಂದು ‘ಸ್’ಗೆ ಸೋಲುವುದೇ? ಪ್ರಶ್ನೆ ಕೇಳುವಾಗ ಮಾತ್ರ ಎಚ್ಚರ. ‘ನೀವು ಎಲ್ಲಿಗೆ ಹೋಗುತ್ತಿದ್ದೀರಿ’ ಎಂಬಲ್ಲಿ ನಾವು ಪದ ಪಲ್ಲಟ ಮಾಡುವುದಿಲ್ಲ, ಆದ್ದರಿಂದಲೇ ‘ವೇರ್ ಯು ಆರ್ ಗೋಯಿಂಗ್’ ಎಂದುಬಿಡುತ್ತೇವೆ. ‘ಆರ್’ ಎಂಬುದು ‘ಯು’ ಮುಂದೆ ಜಿಗಿಯಬೇಕು. ‘ಡಿಡ್’ ಬಂದರೆ ಭೂತಕಾಲದ ಭಾರವನ್ನೆಲ್ಲ ಅದೇ ಹೊತ್ತಿದೆ. ಮತ್ತೆ ‘ವೆಂಟ್’ ಎಂದು ಎರಡನೇ ಮೂಟೆ ಹೊರಿಸಬೇಡಿ, ‘ಗೋ’ ಸಾಕು.

ನೋಡಿದಿರಾ? ಪ್ರತಿಯೊಂದು ತಪ್ಪಿಗೂ ಕಾರಣವಿದೆ. ಅದು ದಡ್ಡತನದ ಗುರುತಲ್ಲ, ನಿಮ್ಮೊಳಗೆ ಇನ್ನೊಂದು ಭಾಷೆ ಗಟ್ಟಿಯಾಗಿ ಇದೆ ಎಂಬುದರ ಗುರುತು. ಇಂಗ್ಲಿಷಿಗೂ ಬಡತನವಿದೆ ಎಂಬುದನ್ನು ಮರೆಯಬೇಡಿ. ಅಜ್ಜಿಗೂ ಮೊಮ್ಮಗನಿಗೂ ಅದರಲ್ಲಿ ಒಂದೇ ‘ಯು’. ‘ಇವತ್ತು ಬಸ್ಸು ಬರುವುದಿಲ್ಲವಂತೆ’ ಎಂಬಲ್ಲಿ ಆ ಒಂದು ‘ಅಂತೆ’ಗೆ ಅವರು ನಾಲ್ಕು ಪದ ಹುಡುಕಬೇಕು.

ಇನ್ನು ಅಭ್ಯಾಸದ ಮಾತು. ನಿಯಮ ಗೊತ್ತಾದರೆ ಸಾಲದು, ನಾಲಿಗೆಗೆ ಇಳಿಯಬೇಕು. ಈಜು ಪುಸ್ತಕದಿಂದ ಬರುವುದಿಲ್ಲ. ಒಂದು ನೋಟುಪುಸ್ತಕ ಇಡಿ. ದಿನವೂ ಕನ್ನಡ ಪತ್ರಿಕೆಯಿಂದ ಐದೇ ಐದು ಸರಳ ವಾಕ್ಯ ಇಂಗ್ಲಿಷಿಗೆ ತನ್ನಿ. ಬಲ್ಲವರಿಂದ ತಿದ್ದಿಸಿ. ವಾರ ಬಿಟ್ಟು ಆ ಇಂಗ್ಲಿಷನ್ನು ನೋಡಿ ಕನ್ನಡ ಬರೆಯಿರಿ, ಮತ್ತೆ ಅದನ್ನು ನೋಡಿ ಇಂಗ್ಲಿಷ್ ಬರೆಯಿರಿ. ಇದು ನಮ್ಮ ಕಟ್ಟುಕಥೆಯಲ್ಲ. ರಾಣಿ ಎಲಿಜಬೆತ್ ಚಿಕ್ಕವಳಿದ್ದಾಗ ಪಾಠ ಹೇಳಿದ ರೋಜರ್ ಆಸ್ಕಂ, 1570ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಲ್ಯಾಟಿನ್ ಕಲಿಯಲು ಹೇಳಿದ ಉಪಾಯ ಇದೇ. ಇಂಗ್ಲಿಷರು ಪರಭಾಷೆ ಕಲಿತದ್ದು ತಮ್ಮ ಭಾಷೆಯ ಮೂಲಕ. ನಮಗೆ ಮಾತ್ರ ‘ಮಾತೃಭಾಷೆ ಮುಟ್ಟಬೇಡ’ ಎಂಬ ಉಪದೇಶ!

ನಿಮ್ಮ ತಪ್ಪುಗಳಿಗೆ ಬೇರೆ ಒಂದು ಹಾಳೆ ಇಡಿ. ಯಾವ ತಪ್ಪು ಮೂರು ಸಲ ಬಂತೋ ಆ ವಾರ ಅದೊಂದನ್ನೇ ಹಿಡಿಯಿರಿ. ಎಲ್ಲವನ್ನೂ ಒಂದೇ ಸಲ ತಿದ್ದಹೊರಟರೆ ಯಾವುದೂ ತಿದ್ದುವುದಿಲ್ಲ. ಗಟ್ಟಿಯಾಗಿ ಓದಿ, ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ. ನಿಮಗೆ ಬೇಕಾದ್ದನ್ನು ಓದಿ. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟು, ರೋಬಸ್ಟಾ ಬೆಲೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರು ಎಂದು ದಿನವೂ ಬರುತ್ತದೆ. 1990ರ ದಶಕದಲ್ಲಿ ಕಾಫಿ ಬೋರ್ಡಿನ ಹಿಡಿತ ಸಡಿಲವಾದ ಮೇಲೆ ಬೆಲೆ ನೋಡಿ ಮಾರುವ ಹೊಣೆ ಬೆಳೆಗಾರನದೇ. ಬೆಲೆ ಏಕೆ ಏರಿತು, ಬ್ರೆಜಿಲಿನಲ್ಲಿ ಮಂಜು ಬಿತ್ತೇ, ವಿಯೆಟ್ನಾಮಿನಲ್ಲಿ ಮಳೆ ಹೋಯಿತೇ ಎಂದು ಓದಿದರೆ ಇಂಗ್ಲಿಷೂ ಬಂತು, ನಾಲ್ಕು ಕಾಸೂ ಉಳಿಯಿತು.

ಇಬ್ಬರು ಜೊತೆಯಾಗಿ. ದಿನಕ್ಕೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ, ಮಾತು ಮುಗಿಯುವವರೆಗೆ ತಿದ್ದಬೇಡಿ, ಮುಗಿದ ಮೇಲೆ ಎರಡು ತಪ್ಪು ಹೇಳಿ. ನಗುವವನು ಜೊತೆಗೆ ಬೇಡ.

ನಗುವವರ ವಿಷಯ ಬಂತು, ಎರಡು ಮಾತು ಖಾರವಾಗಿ ಹೇಳುತ್ತೇವೆ. ನಮ್ಮ ಊರಿಗೆ ಬಂದ ಪರದೇಶದವನು ‘ನಾನು ಊಟ ಮಾಡುತ್ತಾನೆ’ ಎಂದರೆ ‘ಆಹಾ, ಎಷ್ಟು ಚೆಂದ ಕನ್ನಡ!’ ಎಂದು ಮೆಚ್ಚುತ್ತೇವೆ. ನಮ್ಮ ಹುಡುಗ ಇಂಗ್ಲಿಷಿನಲ್ಲಿ ಒಂದು ‘ಸ್’ ಬಿಟ್ಟರೆ ಹಲ್ಲು ಕಿಸಿಯುತ್ತೇವೆ. ಇದಕ್ಕಿಂತ ದೊಡ್ಡ ಗುಲಾಮಗಿರಿ ಬೇರೆ ಯಾವುದಿದೆ? ಜರ್ಮನಿಯಿಂದ ಬಂದ ಕಿಟ್ಟೆಲ್ ದೊಡ್ಡವನಾದ ಮೇಲೆ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟ. ಮೊದಲ ದಿನ ಅವನು ಎಷ್ಟು ಎಡವಿರಬೇಡ! ಅವತ್ತು ನಮ್ಮ ಹಿರಿಯರು ನಕ್ಕು ಓಡಿಸಿದ್ದರೆ ನಿಘಂಟು ಬರುತ್ತಿತ್ತೇ?

ಕನ್ನಡ ಸಂಘಟನೆಗಳ ಗೆಳೆಯರಿಗೂ ಒಂದು ಮಾತು. ಬೋರ್ಡಿಗೆ ಮಸಿ ಬಳಿಯುವುದು ಒಂದು ಗಂಟೆಯ ಕೆಲಸ. ಕನ್ನಡ ಮಾಧ್ಯಮದ ಹತ್ತು ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಕನ್ನಡದ ಮೂಲಕ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದು ಎರಡು ತಿಂಗಳ ಕೆಲಸ. ಎರಡನೆಯದನ್ನು ಮಾಡಿ ನೋಡಿ, ಆ ಹತ್ತು ಮನೆಯವರು ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುವುದಿಲ್ಲ. ಸರಕಾರಕ್ಕೆ ನಮ್ಮ ಬೇಡಿಕೆ ಮೂರೇ. ಎಂಟರಿಂದ ಹತ್ತನೇ ತರಗತಿಗೆ ಕನ್ನಡದಲ್ಲಿ ವಿವರಿಸಿ ಬರೆದ ಇಂಗ್ಲಿಷ್ ವ್ಯಾಕರಣ ಪುಸ್ತಕ ಕೊಡಿ. ಪಿಯುಸಿ ವಿಜ್ಞಾನಕ್ಕೆ ಬರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಮೂರು ತಿಂಗಳು ಎರಡೂ ಭಾಷೆಯಲ್ಲಿ ಪಾಠ ಮಾಡಿಸಿ. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿ ಮಲೆನಾಡಿನ ಮೂಲೆಯ ಶಾಲೆಯ ಮೇಷ್ಟರಿಗೂ ತಲುಪಿಸಿ.

ಕಳಸ ಹೊರನಾಡಿನ ನಡುವೆ ಹೆಬ್ಬಾಳೆ ಸೇತುವೆ ಇದೆ. ಭದ್ರೆ ಉಕ್ಕಿದ ಎಷ್ಟೋ ಮಳೆಗಾಲಗಳಲ್ಲಿ ಅದು ಮುಳುಗಿ ಆಚೆಯವರು ಆಚೆ, ಈಚೆಯವರು ಈಚೆ ಉಳಿದಿದ್ದಾರೆ. ಆಗ ಯಾರೂ ‘ಹೊಳೆ ಬೇಡ’ ಎನ್ನಲಿಲ್ಲ, ‘ಊರು ಬಿಡುತ್ತೇವೆ’ ಎನ್ನಲೂ ಇಲ್ಲ. ಎತ್ತರದ ಸೇತುವೆ ಕಟ್ಟಿ ಎಂದರು. ನಾವು ಕೇಳುತ್ತಿರುವುದೂ ಅದನ್ನೇ. ಕನ್ನಡದ ದಡದಲ್ಲಿ ಬುನಾದಿ ಹಾಕಿ, ಮಳೆಗೆ ಮುಳುಗದ ಸೇತುವೆ ಕಟ್ಟಿ. ನಮ್ಮ ಮಕ್ಕಳು ಹೋಗಿ ಬರಲಿ. ಹೋದವರು ವಾಪಸು ಬರುವಂತೆಯೂ ಇರಲಿ.

ಅಲ್ಲಿಯವರೆಗೆ ಓದುಗರೇ, ಇವತ್ತು ರಾತ್ರಿ ಊಟವಾದ ಮೇಲೆ ಐದು ವಾಕ್ಯ ಬರೆಯಿರಿ. ತಪ್ಪಾಗುತ್ತದೆ, ಆಗಲಿ. ನಾಳೆ ಮತ್ತೆ ಐದು ಬರೆಯಿರಿ. ಯಾರಾದರೂ ನಕ್ಕರೆ, ಅಚ್ಚ ಕನ್ನಡದಲ್ಲಿ ಉತ್ತರ ಕೊಡಲು ನಿಮಗೆ ಬರುತ್ತದಲ್ಲ!